ಗೆಂಡೆ ಮೀನು ಹೊತ್ತ ಮಕ್ಕಳು

ನಮ್ಮೂರಿನಲ್ಲಿ ಯಾರದಾದರೂ ಮಾತು ನಂಬಬೇಕೆಂದರೆ ಮೊದಲು ಅವರ ಕಾಲು ನೋಡಬೇಕು. ಮಂಡಿಯವರೆಗೆ ಒದ್ದೆಯಾಗಿದ್ದರೆ ನಂಬಬಹುದು. ಒಣಗಿದ್ದರೆ ಅದು ದಡದ ಮಾತು. ಕೇಳಿ, ನಕ್ಕು, ಮನೆಗೆ ಹೋಗುವುದು. ಎಮ್ಮೆ ಮಾರುವವನು ಅದು ಎಷ್ಟು ಹಾಲು ಕೊಡುತ್ತದೆ ಎಂಬುದನ್ನು ಹೊಳೆಯಲ್ಲಿ ನಿಂತೇ ಹೇಳಬೇಕು. ಜಮೀನಿನ ಗಡಿ ಎಲ್ಲಿದೆ ಎಂಬುದನ್ನು ಅಣ್ಣತಮ್ಮಂದಿರು ಹೊಳೆಯಲ್ಲಿ ನಿಂತೇ ಹೇಳಬೇಕು. ನೀರಿನ ತಳದಲ್ಲಿ ಕಪ್ಪೆಚಿಪ್ಪುಗಳು ಅರೆಬಾಯಿ ತೆರೆದು ಕೂತಿರುತ್ತವೆ. ನಿಜ ಹೇಳಿದರೆ ಅವು ಹಾಗೇ ಇರುತ್ತವೆ. ಸುಳ್ಳು ಹೇಳಿದಿರೋ, ಟಪ್ ಟಪ್ ಟಪ್ ಎಂದು ಸಾಲಾಗಿ ಬಾಯಿ ಮುಚ್ಚುತ್ತವೆ! ಆ ಸದ್ದು ಅಂಗಾಲಿನಿಂದ ಹತ್ತಿ ಮಂಡಿಗೆ ಬರುತ್ತದೆ. ಆಮೇಲೆ ಮುಖ ಎಲ್ಲಿ ಇಟ್ಟುಕೊಳ್ಳುತ್ತೀರಿ?

ಹೀಗಾಗಿ ನಮ್ಮ ದರ್ಜಿಗಳು ಪ್ಯಾಂಟಿಗೆ ಮಂಡಿಯ ಹತ್ತಿರ ಗುಂಡಿ ಇಟ್ಟೇ ಹೊಲಿಯುತ್ತಾರೆ, ಮಡಚಿ ಸಿಕ್ಕಿಸಲು ಸುಲಭವಾಗಲಿ ಎಂದು. ನೆಂಟರು ಬಂದಾಗ ಯಾರೂ ಹೊಳೆಯ ಕಡೆ ತಿರುಗಾಡಿಸಲು ಕರೆದುಕೊಂಡು ಹೋಗುವುದಿಲ್ಲ. ಊಟ ಚೆನ್ನಾಗಿತ್ತು ಎಂದು ಬಾಯಿತಪ್ಪಿ ನೀರಿನಲ್ಲಿ ಹೇಳಿಬಿಟ್ಟರೆ ಎರಡು ಮನೆಯ ಸಂಬಂಧ ಹಾಳು. ನನಗೆ ಯಾಕೆ ಮದುವೆಯಾಗಲಿಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನೋಡಲು ಬಂದ ಇಬ್ಬರು ಗಂಡುಗಳೂ ಹೊಳೆಯಲ್ಲಿ ನಿಂತು "ಹುಡುಗಿ ಒಪ್ಪಿಗೆ" ಎಂದರು. ಎರಡು ಸಲವೂ ಟಪ್! ಆಗ ಅತ್ತಿದ್ದೆ, ಈಗ ನೆನೆಸಿಕೊಂಡರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಎರಡನೆಯವನು ಚಪ್ಪಲಿ ಬಿಟ್ಟು ಓಡಿದ.

ನನ್ನ ಹೆಸರು ಹೊನ್ನಮ್ಮ. ತಟ್ಟಿ ಬೊಮ್ಮಯ್ಯನ ಮಗಳು. ನಮ್ಮದು ತಲೆತಲಾಂತರದಿಂದ ಚಿಪ್ಪು ಕಾಯುವ ಮನೆತನ. ಚಿಪ್ಪಿಗೆ ಶತ್ರು ಯಾರು ಎಂದು ಊರಿನ ಯಾವ ಮಗುವನ್ನು ಕೇಳಿದರೂ ಗೆಂಡೆ ಮೀನು ಎಂದೇ ಹೇಳುತ್ತಿತ್ತು. ಹೇಳದೆ ಏನು? ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಕೆಲವು ಚಿಪ್ಪುಗಳು ಬಾಯಿಂದ ಒಂದು ಮೆತ್ತನೆಯ ಸೆರಗನ್ನು ಹೊರಗೆ ಬಿಡುತ್ತವೆ. ಅದು ಥೇಟ್ ಸಣ್ಣ ಮೀನಿನ ಹಾಗೆ ಬಳುಕುತ್ತದೆ, ಅದರ ಮೇಲೆ ಕಣ್ಣಿನಂಥ ಚುಕ್ಕೆ ಬೇರೆ. ಎಲ್ಲಿಂದಲೋ ಗೆಂಡೆ ಮೀನು ರೊಯ್ಯನೆ ಬಂದು ಅದನ್ನು ಕಚ್ಚುತ್ತದೆ. ನಿಜವನ್ನು ಕಾಯುವ ಚಿಪ್ಪನ್ನು ಕಣ್ಣೆದುರಿಗೇ ಮೀನು ಕಚ್ಚಿದರೆ ಯಾರ ಹೊಟ್ಟೆ ಉರಿಯುವುದಿಲ್ಲ? ನಮ್ಮ ತಾತನ ಕಾಲದಲ್ಲಿ ವರ್ಷಕ್ಕೊಂದು ದಿನ ತಮಟೆ ಬಡಿದು ಮೀನು ಓಡಿಸುತ್ತಿದ್ದರಂತೆ. ಅಪ್ಪ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಊರಿನ ಮೇಲೊಂದು ಕೆಳಗೊಂದು, ಹೊಳೆಯ ಈ ದಡದಿಂದ ಆ ದಡಕ್ಕೆ ಬಿದಿರಿನ ತಟ್ಟಿ ಹೆಣೆದು ಕಟ್ಟಿಬಿಟ್ಟ. ಬೆರಳು ತೂರದಷ್ಟು ಬಿಗಿ. ಒಂದೇ ಒಂದು ಗೆಂಡೆ ಒಳಗೆ ಬರಲಿಲ್ಲ. ಊರವರು ಅಪ್ಪನಿಗೆ ಶಾಲು ಹೊದಿಸಿದರು. ಅದೇ ವರ್ಷ ನಾನು ಹುಟ್ಟಿದೆ.

ಅಪ್ಪನ ಕೈಲಾಗದೆ ಹೋದ ಮೇಲೆ ತಟ್ಟಿಯ ಕೆಲಸ ನನಗೆ ಬಂತು. ಆ ಹೊತ್ತಿಗೆ ಚಿಪ್ಪುಗಳು ಕಡಿಮೆಯಾಗುತ್ತಾ ಬಂದಿದ್ದವು. ಒಂದು ಕಾಲದಲ್ಲಿ ಊರುದ್ದಕ್ಕೂ ಹಾಸಿದ ಹಾಗೆ ಇದ್ದವು, ಎದೆಮಟ್ಟದ ನೀರಿನಲ್ಲೂ ತಳದ ಸೂಜಿ ಕಾಣುತ್ತಿತ್ತು ಎನ್ನುತ್ತಿದ್ದರು ಹಳಬರು. ಅವು ನೀರು ಕುಡಿದು ಕುಡಿದು ಸೋಸಿ ಬಿಡುತ್ತವಲ್ಲ. ಈಗ ಬಂಡೆಯ ಕೆಳಗಿನ ಮಡುವಿನಲ್ಲಿ ಮಾತ್ರ ಉಳಿದಿದ್ದವು. ನಾನು ಎಣಿಸಿದಾಗ ಅರವತ್ತೊಂದು! ನಿಜ ಹೇಳುವವರು ಮಡುವಿನ ದಡದಲ್ಲಿ ಸರದಿ ನಿಲ್ಲುವಂತಾಯಿತು. ಅದರ ಮೇಲುಗಡೆ ಸಣ್ಣ ಗರಸುಕಲ್ಲಿನ ಮೇಲೆ ನೀರು ಜುಳುಜುಳು ಓಡುವ ಜಾಗಕ್ಕೆ ಬೋಳುಹರಿವು ಎಂದು ಹೆಸರು ಬಿತ್ತು. ಅಲ್ಲಿ ಚಿಪ್ಪೇ ಇಲ್ಲ, ಅಲ್ಲಿ ನಿಂತು ಹೇಳಿದ್ದನ್ನು ಯಾರು ಒಪ್ಪುತ್ತಾರೆ? ಯಾರೂ ಅಲ್ಲಿಗೆ ಇಳಿಯುತ್ತಲೇ ಇರಲಿಲ್ಲ.

ಸತ್ತ ಚಿಪ್ಪುಗಳನ್ನು ನಾನು ಮನೆಗೆ ತಂದು ಜಗಲಿಯ ಮೇಲೆ ಜೋಡಿಸುತ್ತಿದ್ದೆ. ಚಿಪ್ಪಿನ ಬೆನ್ನ ಮೇಲೆ ವರ್ಷಕ್ಕೊಂದು ಗೆರೆ ಬೀಳುತ್ತದೆ. ಒಂದು ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ಗೆರೆ ಎಣಿಸುತ್ತಾ ಕೂತೆ. ಅರವತ್ತು, ಎಪ್ಪತ್ತೆರಡು, ಐವತ್ತೈದು. ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿ ಎಣಿಸಿದೆ. ಮೂವತ್ತೆಂಟು. ನನ್ನದೇ ವಯಸ್ಸು! ಇನ್ನೊಂದು ಸಲ ಎಣಿಸಿದೆ. ಮಡುವಿಗೆ ಓಡಿಹೋಗಿ ಬದುಕಿದ್ದವನ್ನೂ ಮುಟ್ಟಿ ಮುಟ್ಟಿ ನೋಡಿದೆ. ನನಗಿಂತ ಚಿಕ್ಕ ಚಿಪ್ಪು ಇಡೀ ಹೊಳೆಯಲ್ಲಿ ಒಂದೂ ಇರಲಿಲ್ಲ. ಮೂವತ್ತೆಂಟು ವರ್ಷದಿಂದ ಚಿಪ್ಪಿಗೆ ಒಂದು ಮಗುವೂ ಆಗಿಲ್ಲ, ನಾವು ತಟ್ಟಿ ಕಟ್ಟಿಕೊಂಡು ಶಾಲು ಹೊದ್ದುಕೊಂಡು ಕೂತಿದ್ದೇವೆ.

ಅದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತಿತ್ತು. ಕೆಳತಟ್ಟಿಯ ಆಚೆ ಮೀನು ಹಿಡಿದು ಮಾರುವ ಖೈರೂಬಿಯ ಹತ್ತಿರ ಹೋದೆ. ಖೈರೂಬಿ ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಜೋರು, ಕೈ ಧಾರಾಳ. ನಾನು ಹೇಳಿದ್ದನ್ನೆಲ್ಲ ಕೇಳುತ್ತಾ ಗೆಂಡೆ ಮೀನೊಂದರ ಕಿವಿರು ಎತ್ತಿ, ಥೂ ಎಂದು ಪಕ್ಕಕ್ಕೆ ಎಸೆದಳು.

"ಯಾಕಕ್ಕ ಎಸೆದೆ?" ಎಂದೆ.

"ನೋಡು, ಕಿವಿರು ತುಂಬಾ ಬಿಳೀ ಚುಕ್ಕೆ. ನಿಮ್ಮಪ್ಪನ ತಟ್ಟಿಗೆ ಬಾಯಿ ಇಟ್ಕೊಂಡು ನಿಂತಿರ್ತಾವಲ್ಲ ಗೆಂಡೆ, ಅವಕ್ಕೇ ಈ ರೋಗ. ಕೆಳಗಿನ ಊರಿನ ಮೀನಿಗೆ ಇಲ್ಲ. ಇದನ್ನ ಯಾರು ತಗೋತಾರೆ ಹೇಳು."

"ಮೀನು ಸಾಯುತ್ತಾ ಇದರಿಂದ?"

"ಸಾಯಲ್ಲ ಕಣೇ. ಅದೇ ತಮಾಷೆ. ಗುಂಡುಕಲ್ಲಿನ ಹಾಗೆ ಇರ್ತಾವೆ. ಇಪ್ಪತ್ತು ದಿನಕ್ಕೆ ಚುಕ್ಕೆ ಮಾಯ."

ಮಾಯವಾಗಿ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದೇ ತಡ, ಅಂಥ ಮೂರು ಗೆಂಡೆಗಳನ್ನು ಕೊಡಪಾನದಲ್ಲಿ ಹಾಕಿಕೊಂಡು ಬಂದು ಹಿತ್ತಲಿನ ಕಲ್ಲುಬಾನಿಗೆ ಬಿಟ್ಟೆ. ಬಾನಿಯನ್ನು ಉಜ್ಜಿ ತೊಳೆದು, ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿದ್ದೆ. ಅಪ್ಪ ಊರುಗೋಲು ಕುಟ್ಟಿಕೊಂಡು ಬಂದ.

"ಏನೇ ಅದು ಹೊನ್ನಿ? ಶತ್ರೂನ ಮನೇಲಿ ಸಾಕ್ತಿದೀಯಾ?"

"ಸಾರಿಗೆ ಕಣಪ್ಪ" ಎಂದೆ. ಹಿತ್ತಲು ದಡಕ್ಕೆ ಸೇರಿದ್ದು, ಬಚಾವಾದೆ.

ದಿನಕ್ಕೆರಡು ಸಲ ಬಗ್ಗಿ ನೋಡುವುದೇ ಕೆಲಸವಾಯಿತು. ಹದಿನೆಂಟನೇ ದಿನ ಬೆಳಿಗ್ಗೆ ಮೀನಿನ ಕಿವಿರು ಎತ್ತಿದರೆ ಕೆಂಪಗೆ, ಸ್ವಚ್ಛ. ಬಾನಿಯ ತಳದಲ್ಲಿ ನುಣ್ಣನೆಯ ಮರಳು. ಮರಳು ಹೇಗೆ ಬಂತು? ನಾನು ಹಾಕಿಲ್ಲವಲ್ಲ! ಪೇಟೆಗೆ ಓಡಿ, ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜನ್ನು ಹೆಚ್ಚುಕಡಿಮೆ ಕಿತ್ತುಕೊಂಡೇ ಬಂದೆ. ಒಂದು ಚಿಟಿಕೆಯನ್ನು ತಟ್ಟೆಗೆ ಹಾಕಿ ಗಾಜು ಹಿಡಿದೆ. ಮರಳಲ್ಲ. ಒಂದೊಂದಕ್ಕೂ ಎರಡೆರಡು ಮುಚ್ಚಳ. ರಾಗಿಕಾಳಿನ ಕಾಲುಭಾಗವೂ ಇಲ್ಲದ ಚಿಪ್ಪು! ನಾನು ನೋಡುತ್ತಿದ್ದ ಹಾಗೆಯೇ ಅದರಲ್ಲೊಂದು ಬಾಯಿ ತೆರೆದು, ಬಿಳಿಯ ಕಾಲೊಂದನ್ನು ಹೊರಗೆ ಚಾಚಿ, ಮುಂದಕ್ಕೆ ಎಳೆದುಕೊಂಡು ಒಂದು ಹೆಜ್ಜೆ ನಡೆಯಿತು.

ಅಯ್ಯೋ, ನಾನು ಕಿರುಚಿದ್ದು ಮೂರು ಬೀದಿಗೆ ಕೇಳಿಸಿತಂತೆ. ಅಪ್ಪ ಹಾವು ಕಚ್ಚಿತೆಂದು ಓಡಿಬಂದ. ಮೀನು ಚಿಪ್ಪನ್ನು ಕಚ್ಚುವುದಲ್ಲ, ಚಿಪ್ಪೇ ಮೀನನ್ನು ಆಸೆ ತೋರಿಸಿ ಕರೆಯುವುದು! ಬಾಯಿ ಹಾಕಿದ ಮೀನಿನ ಮುಖಕ್ಕೆ ಮಕ್ಕಳನ್ನು ಎರಚಿಬಿಡುವುದು. ಅವು ಕಿವಿರಿಗೆ ಕಚ್ಚಿಕೊಂಡು, ಮೀನು ಸುತ್ತಿದ ಕಡೆಯೆಲ್ಲ ಸುತ್ತಿ, ಇಪ್ಪತ್ತು ದಿನಕ್ಕೆ ಉದುರಿ ಗರಸಿನೊಳಗೆ ಸೇರಿಕೊಳ್ಳುವುದು. ಮೀನು ಸಿಗದ ಮಕ್ಕಳು ನೀರಿನ ಜೊತೆ ತಟ್ಟಿಯ ಸಂದಿಯಲ್ಲಿ ತೂರಿ ಆಚೆಯ ಗೆಂಡೆಗಳಿಗೆ ಅಂಟಿಕೊಂಡರೂ, ಅಲ್ಲಿ ಉದುರಿದವು ಬರೀ ಕೆಸರಿಗೆ ಬಿದ್ದು ಉಸಿರುಕಟ್ಟಿ ಸಾಯುತ್ತಿದ್ದವು. ಈಚೆ ಒಳ್ಳೆಯ ಗರಸಿದೆ, ಆದರೆ ಹೊತ್ತು ತರಲು ಮೀನೇ ಇಲ್ಲ. ಮೂವತ್ತೆಂಟು ವರ್ಷ ನಾವು ಸೂಲಗಿತ್ತಿಯನ್ನು ಕಳ್ಳಿ ಎಂದು ಬಾಗಿಲಾಚೆ ನಿಲ್ಲಿಸಿದ್ದೆವು.

ಇದನ್ನೆಲ್ಲ ಒಂದೇ ಉಸಿರಿಗೆ ಅಪ್ಪನಿಗೆ ಹೇಳಿದೆ. ಅಪ್ಪ ಗಾಜು ಮುಟ್ಟಲೂ ಇಲ್ಲ.

"ನಾನು ಜೀವಮಾನ ಎಲ್ಲಾ ಮಾಡಿದ್ದು ತಪ್ಪು ಅಂತೀಯ" ಎಂದ.

ಸಂತೋಷದಲ್ಲಿ ಅದೊಂದನ್ನು ಯೋಚಿಸಿರಲಿಲ್ಲ. ಮಾರನೇ ದಿನ ಊರು ಸೇರಿತು. ಸೀರೆ ಎತ್ತಿ ಕಟ್ಟಿ ಮಡುವಿಗೆ ಇಳಿದು, ಗೆಂಡೆ ಮೀನು ಚಿಪ್ಪಿನ ಮಕ್ಕಳನ್ನು ಹೊರುತ್ತದೆ, ತಟ್ಟಿ ತೆಗೆಯಬೇಕು ಎಂದೆ. ಚಿಪ್ಪುಗಳು ಅಲ್ಲಾಡಲಿಲ್ಲ. ಜನ ಹೋ ಎಂದರು. ಆಮೇಲೆ ಅಪ್ಪ ಇಳಿದು, ಗೆಂಡೆ ಮೀನು ಚಿಪ್ಪನ್ನು ತಿನ್ನುತ್ತದೆ, ತಟ್ಟಿ ತೆಗೆದರೆ ಉಳಿದ ಅರವತ್ತೊಂದೂ ಹೋಗುತ್ತವೆ ಎಂದ. ಆಗಲೂ ಅಲ್ಲಾಡಲಿಲ್ಲ! ಯಜಮಾನ ಅರಸಪ್ಪನವರು ತಲೆ ಕೆರೆದುಕೊಂಡರು.

"ಚಿಪ್ಪು ಹಿಡಿಯೋದು ಸುಳ್ಳನ್ನ, ತಪ್ಪನ್ನಲ್ಲ" ಎಂದರು. "ನಂಬ್ಕೊಂಡು ಹೇಳಿದ್ರೆ ಅದು ಸುಮ್ಮನೇ ಇರುತ್ತೆ. ಅಪ್ಪ ಮಗಳು ಇಬ್ಬರೂ ನಂಬ್ಕೊಂಡೇ ಹೇಳ್ತಿದೀರಿ. ಈಗ ನಾನೇನು ಮಾಡಲಿ?"

ಖೈರೂಬಿ ದಡದಿಂದಲೇ ಕೂಗಿದಳು. "ತಟ್ಟಿ ಇದ್ದೂ ಹೋಗ್ತಾ ಇವೆಯಲ್ಲ ಯಜಮಾನ್ರೇ! ತೆಗೆದು ನೋಡಿದ್ರೆ ಗಂಟೇನು ಹೋಗುತ್ತೆ?"

ಕೊನೆಗೆ ನೀರಿನಲ್ಲಿ ನಿಂತು ಎರಡೂ ಕಡೆಯಿಂದ ಮಾತಾಯಿತು. ನಾಲ್ಕು ವರ್ಷ ತಟ್ಟಿ ಇರುವುದಿಲ್ಲ. ಎಳೆಯವು ಗರಸಿನೊಳಗೆ ಹೂತುಕೊಂಡಿರುವುದರಿಂದ ಕೊನೆಯ ದಿನ ಹುಡುಕುವವರೆಗೆ ಯಾರೂ ಬೋಳುಹರಿವಿಗೆ ಇಳಿಯುವಂತಿಲ್ಲ, ಗುದ್ದಲಿಯಾಗಲಿ ಕೈಯಾಗಲಿ ಹಾಕಿ ಯಾವತ್ತೂ ಕೆದಕುವಂತಿಲ್ಲ. ಇದು ಊರಿನವರು ಕೊಟ್ಟ ಮಾತು. ನಾಲ್ಕು ವರ್ಷದೊಳಗೆ ಒಂದಾದರೂ ಮರಿಚಿಪ್ಪು ಇದೆಯೆಂದು ಗೊತ್ತಾಗದಿದ್ದರೆ ನಾನು ಜನ್ಮದಲ್ಲಿ ಹೊಳೆಗೆ ಕಾಲಿಡುವಂತಿಲ್ಲ. ಇದು ನಾನು ಕೊಟ್ಟ ಮಾತು. ನಮ್ಮೂರಿನಲ್ಲಿ ಹೊಳೆಗೆ ಇಳಿಯದವಳ ಮಾತು ಯಾವತ್ತಿಗೂ ದಡದ ಮಾತು. ಅವಳಿಗೆ ಯಾರೂ ಒಂದು ಕೋಳಿ ಮಾರುವುದಿಲ್ಲ, ಅವಳಿಂದ ಒಂದು ಸೌತೆಕಾಯಿ ಕೊಳ್ಳುವುದಿಲ್ಲ. ಆದರೂ ಹೇಳಿದೆ. ಗಾಜಿನಲ್ಲಿ ಆ ಬಿಳಿಯ ಕಾಲು ನೋಡಿದ್ದೆನಲ್ಲ.

ಅವತ್ತಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟ, ಹೊಳೆಯನ್ನೂ ಬಿಟ್ಟ. ಒಂದೇ ಮನೆ, ಒಂದೇ ಒಲೆ. ಏನಾದರೂ ಬೇಕಾದರೆ ಬೆಕ್ಕಿಗೆ ಹೇಳುತ್ತಿದ್ದ. "ಸಾರಿಗೆ ಉಪ್ಪು ಕಡಿಮೆ ಆಯ್ತಂತೆ ಕಣೋ" ಎಂದು ಬೆಕ್ಕಿಗೆ. "ಕೆಮ್ಮು ಜಾಸ್ತಿ ಆಗಿದೆ, ಕಷಾಯ ಕುಡಿಯೋಕೆ ಏನು ಧಾಡಿ" ಎಂದು ನಾನೂ ಬೆಕ್ಕಿಗೆ. ಪಾಪ, ಆ ಬೆಕ್ಕು ನಾಲ್ಕು ವರ್ಷ ನಮ್ಮಿಬ್ಬರ ಟಪಾಲು ಹೊತ್ತಿತು.

ನನಗಂತೂ ಕೂರಲು ಪುರುಸೊತ್ತಿರಲಿಲ್ಲ. ತಟ್ಟಿ ತೆಗೆದ ಬೆಳಿಗ್ಗೆಯೇ ಗೆಂಡೆಗಳು ಸಂತೆಗೆ ಬಂದವರ ಹಾಗೆ ನುಗ್ಗಿದವು. ಚಿಪ್ಪು ಸೆರಗು ಬೀಸುವ ಎರಡು ತಿಂಗಳು ಖೈರೂಬಿ ಬಲೆಯನ್ನು ಅಟ್ಟಕ್ಕೆ ಹಾಕಿ ಒಣಮೀನು ಮಾರಿದಳು, ನನ್ನನ್ನು ಬೈಯುತ್ತಲೇ. ಎಮ್ಮೆ ಮೈತೊಳೆಯುವ ಜಾಗವನ್ನು ಬೋಳುಹರಿವು, ಮಡು ಎರಡನ್ನೂ ದಾಟಿ ಕೆಳಕ್ಕೆ ಸಾಗಿಸಿದೆ, ಕೆಸರು ಕೂತರೆ ಗರಸಿನೊಳಗಿನ ಮಕ್ಕಳಿಗೆ ಉಸಿರಾಡಲು ಆಗುವುದಿಲ್ಲ. ಮರಳು ತುಂಬಲು ಬಂದ ಗಾಡಿಯ ಮುಂದೆ ಹೋಗಿ ಮಲಗಿದೆ. ಗಾಡಿಯವನು "ಈ ಹೆಂಗಸಿಗೆ ಗ್ರಹ ಬಡಿದಿದೆ" ಎಂದು ಹಿಂದಕ್ಕೆ ಹೊಡೆದ. ದಡದ ಹೊಂಗೆಮರ ಕಡಿಯಲು ಬಿಡಲಿಲ್ಲ, ಬೇಸಿಗೆಯಲ್ಲಿ ನೀರಿಗೆ ನೆರಳು ಬೇಕು. ಮೊದಲ ವರ್ಷ ದಡದಿಂದ ಎಷ್ಟು ಬಗ್ಗಿ ನೋಡಿದರೂ ಏನೂ ಕಾಣಲಿಲ್ಲ. ಕಾಣುವುದಿಲ್ಲ ಎಂದು ಗೊತ್ತಿತ್ತು. ಎರಡನೇ ವರ್ಷ ಕಾಣಲಿಲ್ಲ. ಮೂರನೇ ವರ್ಷ ನನಗೇ ಅನುಮಾನ ಶುರುವಾಯಿತು. ಹಳೆಯವು ಸತ್ತು ಸತ್ತು ನಲವತ್ತೇಳಕ್ಕೆ ಇಳಿದವು. ಒಂದೊಂದು ಸತ್ತಾಗಲೂ ಅಪ್ಪ ಬೆಕ್ಕಿನ ಹತ್ತಿರ, "ಇವತ್ತೂ ಒಂದಂತೆ" ಎನ್ನುತ್ತಿದ್ದ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅದೇ ನನ್ನನ್ನು ಕೊಲ್ಲುತ್ತಿತ್ತು.

ನಾಲ್ಕು ವರ್ಷ ತುಂಬಿದ ದಿನ ಬೆಳಿಗ್ಗೆ ಇಡೀ ಊರು ಹೊಳೆಗೆ ಬಂತು. ಯಜಮಾನರು, ನಾನು, ಖೈರೂಬಿ, ಇನ್ನೂ ಒಂದಿಪ್ಪತ್ತು ಜನ ಬೋಳುಹರಿವಿನಲ್ಲಿ ಕಾಲು ಎತ್ತಿಡುವ ಕಡೆಯೆಲ್ಲ ನೋಡಿಕೊಂಡು ಸಾಲಾಗಿ ಬಗ್ಗಿ ಹುಡುಕಿದೆವು. ನೀರು ತಿಳಿ, ಗರಸು ಸ್ವಚ್ಛ, ಗೆಂಡೆಗಳು ಓಡಾಡುತ್ತಿದ್ದವು. ಮರಿಚಿಪ್ಪು ಮಾತ್ರ ಒಂದೂ ಕಣ್ಣಿಗೆ ಬೀಳಲಿಲ್ಲ. ಹೊತ್ತು ನೆತ್ತಿಗೆ ಬಂತು. ಬೆನ್ನು ಹಿಡಿದುಕೊಂಡು ಎಲ್ಲರೂ ನೆಟ್ಟಗಾದರು.

"ಇನ್ನೂ ಮೇಲೆ ಬಂದಿಲ್ಲ ಅಷ್ಟೇ, ಒಳಗಡೆ ಇವೆ" ಎಂದೆ. "ಇನ್ನೊಂದು ವರ್ಷ ಕೊಡಿ."

"ನಾಲ್ಕು ಅಂತ ಮಾತಾಗಿದೆ ತಾಯಿ" ಎಂದರು ಯಜಮಾನರು.

"ಹಾಗಾದ್ರೆ ಒಂದು ಬೊಗಸೆ ಕೆದಕಿ ನೋಡಿಬಿಡೋಣ" ಎಂದಳು ಖೈರೂಬಿ.

"ಕೆದಕಲ್ಲ ಅಂತಾನೂ ಮಾತಾಗಿದೆ. ನೀರಲ್ಲಿ ಕೊಟ್ಟ ಮಾತು ಕಣಮ್ಮ, ಅದನ್ನ ಮುರಿದು ಇನ್ಯಾವ ನಿಜ ಹುಡುಕೋಣ?" ಯಜಮಾನರ ಕಣ್ಣಲ್ಲೂ ನೀರಿತ್ತು. ಆಮೇಲೆ ಪದ್ಧತಿಯ ಪ್ರಕಾರ ಕೇಳಿದರು. "ಇನ್ನು ಮುಂದೆ ಹೊನ್ನಮ್ಮ ಹೊಳೆಗಿಳಿಯೋ ಹಾಗಿಲ್ಲ. ಅವಳ ಪರವಾಗಿ ನೀರಲ್ಲಿ ನಿಂತು ಮಾತಾಡೋಕೆ ಮನೆಯವರು ಯಾರಾದ್ರೂ ಒಪ್ಪಿದ್ರೆ ಅವಳ ವ್ಯವಹಾರ ನಡೆಯುತ್ತೆ. ಬೊಮ್ಮಯ್ಯ, ನಿನ್ನ ಮಗಳು. ನೀನು ನಿಲ್ತೀಯಾ?"

ಅಪ್ಪ ಹೊಂಗೆಮರದ ಕೆಳಗೆ ಊರುಗೋಲಿನ ಮೇಲೆ ಗಲ್ಲವಿಟ್ಟುಕೊಂಡು ನಿಂತಿದ್ದ. ನನ್ನ ಕಡೆ ನೋಡಲಿಲ್ಲ.

"ಯಾವ ಮಗಳು? ನನಗೆ ಮಗಳಿಲ್ಲ" ಎಂದ.

ಜನ ಲೊಚಗುಟ್ಟಿದರು. ಯಜಮಾನರಿಗೆ ಸಿಟ್ಟು ಬಂತು.

"ಅದು ದಡದ ಮಾತು. ನೀರಿಗಿಳಿದು ಹೇಳು. ಮಡುವಿಗೆ ಬಾ, ಅಲ್ಲಿ ಹಳೇ ಚಿಪ್ಪಿವೆ."

"ಅಷ್ಟು ದೂರ ನಡೆಯೋಕೆ ನನ್ನ ಕೈಲಾಗಲ್ಲ" ಎಂದು ಅಪ್ಪ ಪಂಚೆ ಮೇಲೆ ಕಟ್ಟಿ, ನಾವು ನಿಂತಿದ್ದ ಬೋಳುಹರಿವಿಗೇ ದಡಬಡ ಇಳಿದ. ಮಡು ಅಲ್ಲಿಂದ ಮೂವತ್ತು ಹೆಜ್ಜೆ ಇರಬಹುದು. ದಿನಾ ದಿನಸಿ ಅಂಗಡಿಯವರೆಗೆ ನಡೆದುಹೋಗಿ ಎಲೆಅಡಿಕೆ ತರುವ ಮನುಷ್ಯ! ನನಗೆ ಆಗ ಹೊಳೆಯಲಿಲ್ಲ. ಅಪ್ಪ ಕೋಲನ್ನು ಗರಸಿಗೆ ಊರಿ, ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಹೇಳಿದ.

"ನನಗೆ ಮಗಳಿಲ್ಲ."

ಒಂದು ಕ್ಷಣ ಏನೂ ಇಲ್ಲ. ಆಮೇಲೆ ನನ್ನ ಅಂಗಾಲಿನ ಕೆಳಗೆ ಏನೋ ಚಟ್ ಎಂದಿತು. ಪಕ್ಕದಲ್ಲಿ ಇನ್ನೊಂದು ಚಟ್. ಆಮೇಲೆ, ಅಯ್ಯಯ್ಯೋ, ಹೇಗೆ ಹೇಳಲಿ! ಕಾದ ಎಣ್ಣೆಗೆ ಒಂದು ಹಿಡಿ ಸಾಸಿವೆ ಸುರಿದ ಹಾಗೆ ಇಡೀ ಬೋಳುಹರಿವು ಈ ದಡದಿಂದ ಆ ದಡಕ್ಕೆ ಚಟಪಟ ಚಟಪಟ ಚಟಪಟ! ನೂರಲ್ಲ, ಸಾವಿರ! ಗರಸು ಕಚಗುಳಿ ಇಟ್ಟಂತೆ ಕಾಲ ಕೆಳಗೆ ಕುಣಿಯಿತು. ಯಜಮಾನರು ಬೆಚ್ಚಿ ಒಂಟಿಕಾಲಲ್ಲಿ ನಿಂತುಬಿಟ್ಟರು. ಖೈರೂಬಿ "ಯಾ ಅಲ್ಲಾ!" ಎಂದು ನನ್ನ ಕೊರಳಿಗೆ ಜೋತುಬಿದ್ದಳು, ಇಬ್ಬರೂ ನೀರಿಗೆ ಕುಸಿದು ಕೂತೆವು. ಅಪ್ಪ ಊರಿದ್ದ ಕೋಲಿನ ಬುಡದಲ್ಲಿ ಗರಸು ಸರಿದು ಹೆಬ್ಬೆರಳಿನ ಉಗುರಿನಷ್ಟು ಹಸಿರುಕಂದು ಚಿಪ್ಪೊಂದು ಮೇಲೆದ್ದಿತ್ತು. ಖೈರೂಬಿ ಮೂಗು ನೀರಿಗೆ ತಾಗುವಷ್ಟು ಬಗ್ಗಿ ಎಣಿಸಿದಳು.

"ನಾಲ್ಕು ಗೆರೆ! ನಾಲ್ಕೇ ನಾಲ್ಕು ಗೆರೆ ಕಣ್ರೋ!"

ದಡದಲ್ಲಿದ್ದವರೆಲ್ಲ ಕುಣಿಯತೊಡಗಿದರು. ಯಾರೋ ತಮಟೆಗೆ ಓಡಿದರು, ಮೀನು ಓಡಿಸುವ ಅದೇ ಹಳೆಯ ತಮಟೆ. ನಾಲ್ಕೂ ದಿಕ್ಕಿನಿಂದ ಜನ ಪ್ಯಾಂಟು ಮಡಚಿಕೊಂಡು ನುಗ್ಗಿ ಬರುವುದು ನೋಡಿ ನಾನು ಎದ್ದು, "ಮೇಲೇ ನಿಂತ್ಕೊಳ್ರೀ! ಮಕ್ಕಳನ್ನ ತುಳೀತೀರಾ?" ಎಂದು ಗದರಿದೆ. ಊರಿಗೆ ಊರೇ ಗಪ್‌ಚಿಪ್ಪಾಗಿ ದಡದಲ್ಲಿ ನಿಂತಿತು. ನನ್ನ ಮಾತು ಮತ್ತೆ ನೀರಿನ ಮಾತಾಗಿತ್ತು.

ಅಪ್ಪ ಮಾತ್ರ ಇದ್ದಲ್ಲೇ ಇದ್ದ. ಆಗ ನನಗೆ ಅರ್ಥವಾಯಿತು. ಹೇಳಲಿರುವುದು ಸುಳ್ಳು ಎಂದು ಅಪ್ಪನಿಗೆ ಗೊತ್ತಿತ್ತು. ಮಡುವಿನಲ್ಲಿ ಹೇಳಿದರೆ ಸಿಕ್ಕಿಬೀಳುತ್ತೇನೆ ಎಂದೇ, ಚಿಪ್ಪಿಲ್ಲದ ಜಾಗ ಎಂದು ನಂಬಿಕೊಂಡು ಬೋಳುಹರಿವಿಗೆ ಇಳಿದಿದ್ದ. ನಾಲ್ಕು ವರ್ಷ ಬೆಕ್ಕಿನ ಹತ್ತಿರ ಮಾತಾಡಿದ ಮುದುಕ, ಒಂದು ದಿನವಾದರೂ ನನ್ನನ್ನು ಮಗಳಲ್ಲ ಎಂದುಕೊಂಡಿರಲಿಲ್ಲ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಗರಸು ನಿಧಾನವಾಗಿ ಸುಮ್ಮನಾಯಿತು. ಒಳಗೆಲ್ಲ ಪುಟ್ಟ ಬಾಯಿಗಳು ಮತ್ತೆ ತೆರೆದುಕೊಂಡಿರಬೇಕು. ಅಪ್ಪ ಕೋಲಿನ ಮೇಲೆ ಭಾರ ಹಾಕಿ, ಒಂದು ಕಿವಿಯನ್ನು ನೀರಿನ ಹತ್ತಿರಕ್ಕೆ ತಂದ. ಮುಖದಲ್ಲಿ ಕಳ್ಳನಗೆ.

"ನನಗೆ ಮಗಳಿಲ್ಲ" ಎಂದ ಮೆಲ್ಲಗೆ.

ಚಟಪಟ ಚಟಪಟ ಚಟಪಟ.

"ಸಾಕಪ್ಪ, ಅವು ಉಸಿರಾಡಬೇಕು" ಎಂದೆ. ಅಪ್ಪ ತಲೆಯಾಡಿಸಿದ. ಆದರೂ ನನಗೆ ತಡೆಯಲಾಗಲಿಲ್ಲ, ಹತ್ತಿರ ಹೋಗಿ ಅವನ ತೋಳು ಹಿಡಿದುಕೊಂಡು, ಒಂದೇ ಒಂದು ಸಲ, ನಾನೂ ಹೇಳಿದೆ.

"ನನಗೂ ಅಪ್ಪ ಇಲ್ಲ."